ಜಗಳವಿಲ್ಲದ ಮನೆಗೊಂದು ಟಗರು

ಹುನಗುಂದದ ಚಂದಪ್ಪನಿಗೆ ಇಂಗ್ಲಿಷ್ ಕಲಿಯುವ ಯೋಗ ಬಾಡಿಗೆಯ ರೂಪದಲ್ಲಿ ಬಂತು. ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಮೊಬೈಲ್ ರೀಚಾರ್ಜ್ ಅಂಗಡಿ ಇತ್ತು. ಊರ ಮಂದಿಯೆಲ್ಲ ತಂತಮ್ಮ ಫೋನಿನಲ್ಲೇ ರೀಚಾರ್ಜ್ ಮಾಡಿಕೊಳ್ಳುವುದನ್ನು ಕಲಿತ ಮೇಲೆ ಆ ಅಂಗಡಿಗೆ ಬರುವವರಲ್ಲಿ ಎರಡೇ ಜಾತಿ ಉಳಿಯಿತು: ಚಿಲ್ಲರೆ ಕೇಳುವವರು, ಇಳಕಲ್ಲ ಬಸ್ಸು ಹೋಯಿತೇ ಎಂದು ಕೇಳುವವರು. ಇಬ್ಬರಿಗೂ ಸಮಾಧಾನವಾಗುವ ಉತ್ತರ ಕೊಟ್ಟೂ ಕೊಟ್ಟೂ ದಣಿದ ಚಂದಪ್ಪ ಕೊನೆಗೆ ಅಂಗಡಿಯನ್ನು ಬಾಗಲಕೋಟೆಯ ಗೌತಮ ಸರ್‌ಗೆ ಬಾಡಿಗೆಗೆ ಕೊಟ್ಟುಬಿಟ್ಟ. ಸರ್ ಅಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ತೆರೆದರು. ಮಾಲೀಕನು ಹಿಂದಿನ ಬೆಂಚಿನಲ್ಲಿ ಪುಕ್ಕಟೆ ಕೂಡಬಹುದು ಎಂಬುದೊಂದು ಶರತ್ತು. ಇದನ್ನೇ ಚಂದಪ್ಪ ಓಣಿಯಲ್ಲಿ "ಇಂಗ್ಲಿಷ್ ಕ್ಲಾಸ್ ನಡಸಾಕತ್ತೇನಿ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಮನೆ ನಡೆಸುತ್ತಿದ್ದವಳು ಹೆಂಡತಿ ರಂಗವ್ವ. ಅವಳು ಬಡಿದ ಜೋಳದ ಖಡಕ್ ರೊಟ್ಟಿ ಹುನಗುಂದದ ಖಾನಾವಳಿಗಳಿಗಷ್ಟೇ ಅಲ್ಲ, ಬಸ್ಸೇರಿ ಇಳಕಲ್ಲಿಗೆ, ಕೂಡಲಸಂಗಮಕ್ಕೆ ಹೋಗುತ್ತಿತ್ತು. ನಸುಕಿನಲ್ಲಿ ಅವಳ ಕೈಯ ಪಟಪಟ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ಪಕ್ಕದ ಮನೆಯ ಮಾಬುಬಿ ಬಂದು ಹಂಚಿನ ಮುಂದೆ ಕೂಡುತ್ತಿದ್ದಳು. ಮಗಳು ವಿದ್ಯಾ ಕಾಲೇಜಿಗೆ ಹೊರಡುವ ಮುಂಚೆ ರೊಟ್ಟಿಗಳನ್ನು ಕಟ್ಟು ಕಟ್ಟಿ ಇಡುತ್ತಿದ್ದಳು. ಈ ಉದ್ಯಮದಲ್ಲಿ ಚಂದಪ್ಪನ ಪಾಲು ಇಲ್ಲವೆಂದಲ್ಲ. ಮುರಿದ ರೊಟ್ಟಿ ವ್ಯರ್ಥವಾಗದಂತೆ ನೋಡಿಕೊಳ್ಳುವ ಹೊಣೆ ಪೂರ್ತಿ ಅವನದೇ. ಶೇಂಗಾ ಚಟ್ನಿಯ ಜೊತೆಗೆ ಅದನ್ನು ಒಂದು ದಿನವೂ ತಪ್ಪದೆ ನಿಭಾಯಿಸುತ್ತಿದ್ದ.

ಆ ಮನೆಯಲ್ಲಿ ಸುಬ್ಬಿ ಎಂಬ ಬೆಕ್ಕೂ ಇತ್ತು. ರಂಗವ್ವನಿಗೆ ಸುಬ್ಬಿಯ ಜೊತೆ ಮಾತು ಬಹಳ.

"ಏ ಸುಬ್ಬಿ, ಗಿರಣಿಗೆ ಜ್ವಾಳ ಹೋಗಬೇಕು. ಹಿಂಗ ಕಾಲು ಚಾಚಿ ಬಿದ್ರ ಯಾರು ಒಯ್ತಾರ?" ಎನ್ನುತ್ತಿದ್ದಳು.

ಕಟ್ಟೆಯ ಮೇಲೆ ಕಾಲು ಚಾಚಿ ಬಿದ್ದಿದ್ದ ಚಂದಪ್ಪನಿಗೆ ಬೆಕ್ಕಿನ ಮೇಲೆ ಮರುಕ ಬರುತ್ತಿತ್ತು. ಪಾಪ, ಅದಾದರೂ ಹೇಗೆ ಒಯ್ದೀತು? ಎದ್ದು, ಜೋಳದ ಚೀಲ ಸೈಕಲ್ಲಿಗೆ ಹಾಕಿಕೊಂಡು ಗಿರಣಿಗೆ ಹೋಗಿ ಬರುತ್ತಿದ್ದ. ಊಟದ ಹೊತ್ತಿಗೆ ರಂಗವ್ವ, "ವಿದ್ಯಾ, ನಿಮ್ಮಪ್ಪಗ ಊಟಕ್ಕ ಏಳು ಅನ್ನು" ಎನ್ನುತ್ತಿದ್ದಳು. ಅಪ್ಪ ಕೂತಿರುತ್ತಿದ್ದದ್ದು ಅವಳಿಂದ ಒಂದು ಮೊಳ ದೂರದಲ್ಲಿ. ವಿದ್ಯಾ, "ಏಳಪಾ" ಎನ್ನುತ್ತಿದ್ದಳು. ಅವನು ಏಳುತ್ತಿದ್ದ. ಇದರಲ್ಲಿ ವಿಶೇಷವೇನೂ ಅವನಿಗೆ ಕಾಣಲಿಲ್ಲ. ಅವನ ಅವ್ವ ಗಂಡನ ಹೆಸರು ಹಿಡಿಯದೆ, ಹಿರಿಯರ ಮುಂದೆ ಗಂಡನಿಗೆ ನೇರ ಮಾತು ಆಡದೆ, ಎಲ್ಲವನ್ನೂ ಮಕ್ಕಳ ಮುಖಾಂತರವೇ ದಾಟಿಸಿ ಬಾಳುವೆ ಮಾಡಿದವಳು. ಒಳ್ಳೆಯ ಮನೆತನಗಳಲ್ಲಿ ಮಾತು ಹೀಗೇ ಸುತ್ತಿ ಬಳಸಿ ಬರುತ್ತದೆ ಎಂದು ಅವನು ನಂಬಿದ್ದ.

ಇಷ್ಟು ಶಾಂತವಾಗಿದ್ದ ಸಂಸಾರದೊಳಗೆ ಇಂಗ್ಲೆಂಡಿನ ಹಂದಿಯೊಂದು ಹೊಕ್ಕಿತು.

ಅಂದು ಕ್ಲಾಸಿನಲ್ಲಿ ಗೌತಮ ಸರ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ಬ್ರಿಂಗ್ ಹೋಮ್ ದ ಬೇಕನ್" ಎಂದು ಓದಿದರು. "ಅಂದ್ರ ದುಡಿದು ಮನಿ ನಡಸೋದು. ಬೇಕನ್ ಅಂದ್ರ ಉಪ್ಪು ಹಚ್ಚಿದ ಹಂದಿ ಮಾಂಸ."

ಮಾಬುಬಿಯ ಮಗಳು ಫರಹಾನಾ ಕೈ ಎತ್ತಿದಳು. "ಸರ್, ಅದು ನಮ್ಮ ಮನಿಗೆ ಬರಂಗಿಲ್ರಿ."

"ಇದು ಬರೇ ಮಾತು ಫರಹಾನಾ. ಖರೇನ ತರೋದಲ್ಲ."

"ಮಾತಿನಾಗೂ ಬ್ಯಾಡ್ರಿ ಸರ್. ಅಬ್ಬಾ ಕೇಳಿದ್ರ ಕ್ಲಾಸ್ ಬಿಡಸ್ತಾರ."

"ಆತು, ನೀ ಮಟನ್ ಅನ್ನು."

ಮುಂದಿನ ಬೆಂಚಿನ ಮಹಾಂತೇಶ ಹಣೆಯ ವಿಭೂತಿ ಸರಿಮಾಡಿಕೊಂಡ. "ಸರ್, ನಮ್ಮಲ್ಲಿ ಅದೂ ನಡಿಯಂಗಿಲ್ರಿ. ಮತ್ತ ನಾವು ದುಡದು ತರೋದು ಏನು?"

ಬ್ರಿಟಿಷರಿಗೆ ಇಂಥ ಪ್ರಶ್ನೆಗಳನ್ನು ಯಾರೂ ಕೇಳಿರಲಿಕ್ಕಿಲ್ಲ. ಚರ್ಚೆ ಬದನೆಕಾಯಿಯ ಹತ್ತಿರ ಸ್ವಲ್ಪ ನಿಂತು, ಮುಂದೆ ಹೋಗಿ, ಎಲ್ಲರಿಗೂ ಒಪ್ಪುವ ಪದಾರ್ಥಕ್ಕೆ ಬಂದು ಮುಟ್ಟಿತು. ಸರ್ ಬೇಕನ್ ಅಳಿಸಿ 'ರೊಟ್ಟಿ' ಎಂದು ಬರೆದರು.

"ಈಗ ಹೇಳ್ರಿ. ಹೂ ಬ್ರಿಂಗ್ಸ್ ಹೋಮ್ ದ ರೊಟ್ಟಿ? ನಿಮ್ಮ ಮನಿಗೆ ರೊಟ್ಟಿ ಯಾರು ತರ್ತಾರ?"

"ಮೈ ಫಾದರ್", "ಮೈ ಬ್ರದರ್" ಎನ್ನುತ್ತ ಉತ್ತರ ಬೆಂಚಿನಿಂದ ಬೆಂಚಿಗೆ ಹಿಂದೆ ಬಂತು. ಚಂದಪ್ಪ ಎದ್ದು ನಿಂತ. ರೊಟ್ಟಿ! ಬೇರೆ ಏನು ಬರೆದಿದ್ದರೂ ಏನಾದರೂ ಹೇಳಿ ಪಾರಾಗಬಹುದಿತ್ತು. ಇಡೀ ಕ್ಲಾಸು ಬೆಳಿಗ್ಗೆ ತಿಂದು ಬಂದದ್ದೇ ರಂಗವ್ವನ ರೊಟ್ಟಿ.

"ಮೈ... ವೈಫ್" ಎಂದ, ಕೆಮ್ಮಿನ ನಡುವೆ.

ಕ್ಲಾಸು ಘೊಳ್ಳೆಂದಿತು. ಅವನ ಅಂಗಡಿಯೊಳಗೇ ಅವನ ಮೇಲೆ ನಗು! ಗೌತಮ ಸರ್ ಒಳ್ಳೆಯ ಮನುಷ್ಯ. ನಗು ಅಡಗಿಸಲು ಅವಸರವಾಗಿ ಕತೆಯೊಂದನ್ನು ಎತ್ತಿಕೊಂಡರು. ಇಂಗ್ಲೆಂಡಿನಲ್ಲಿ ಡನ್ಮೋ ಎಂದು ಒಂದು ಊರು. ಮದುವೆಯಾದವರು ಒಂದು ವರ್ಷ ಮತ್ತು ಒಂದು ದಿನ ಜಗಳವಾಡದೆ, ಮದುವೆಯಾದದ್ದಕ್ಕೆ ಮರುಗದೆ ಬಾಳಿದ್ದರೆ, ಊರವರ ಮುಂದೆ ಹಾಗೆಂದು ಆಣೆ ಮಾಡಿದರೆ, ಆ ಗಂಡ ಹೆಂಡಿರಿಗೆ ಹಂದಿಯ ಒಂದು ಪಕ್ಕೆಯನ್ನೇ ಕೊಡುತ್ತಾರೆ. ಈ ಮಾತು ಹುಟ್ಟಿದ್ದೇ ಅಲ್ಲಿಂದ ಅಂತ ಕೆಲವರು ಹೇಳುತ್ತಾರೆ, ಅಲ್ಲ ಅನ್ನುವವರೂ ಇದ್ದಾರೆ.

ಅಲ್ಲ ಅನ್ನುವವರ ಕಡೆ ಚಂದಪ್ಪ ಕಿವಿಯನ್ನೇ ಕೊಡಲಿಲ್ಲ. ಅಂದರೆ ಈ ಮಾತಿಗೂ ದುಡಿಮೆಗೂ ಸಂಬಂಧವೇ ಇಲ್ಲ! ಸುಮ್ಮನಿರುವ ಗಂಡನಿಗೆ ಸಿಗುವ ಮರ್ಯಾದೆ ಇದು! ಸುಮ್ಮನಿರುವುದರಲ್ಲಿ ತನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿ ಯಾರಿದ್ದಾರೆ? ಅವನು ಲೆಕ್ಕ ಹಾಕಿದ. ಒಂದು ವರ್ಷವೇನು, ಅದಕ್ಕೂ ಹೆಚ್ಚೇ ಆಗಿರಬೇಕು, ರಂಗವ್ವ ಅವನ ಜೊತೆ ಒಂದು ಸಲವೂ ಜಗಳವಾಡಿರಲಿಲ್ಲ. ಒಂದು ಬೈಗುಳ ಇಲ್ಲ, ಒಂದು ತಗಾದೆ ಇಲ್ಲ.

ಈ ಸಂಗತಿಯನ್ನು ಅವನು ಚಹಾದಂಗಡಿಯಲ್ಲಿ ಅಮಾತೆಪ್ಪನ ಮುಂದೆ ಬಿಚ್ಚಿಟ್ಟ. ಅಮಾತೆಪ್ಪ ಕುರಿಹಿಂಡಿನ ಧಣಿ, ಓಣಿಯ ಬೀರಪ್ಪನ ಗುಡಿಯ ಕಮಿಟಿಗೆ ಅಧ್ಯಕ್ಷ. ಅವನು ಚಹಾ ಮರೆತು ಕೇಳಿದ.

"ಹಂದಿ ಯಾಕಲೇ ಚಂದ್ಯಾ? ನಾವು ಟಗರು ಕೊಡೂಣು!"

ಅಮಾತೆಪ್ಪನ ಈ ಔದಾರ್ಯಕ್ಕೆ ಹಿನ್ನೆಲೆ ಇತ್ತು. ಅವನ ಹತ್ತಿರ ಪೈಲ್ವಾನ ಎಂಬ ಟಗರಿತ್ತು. ಸುರುಳಿ ಕೊಂಬು, ಕೆಂಪು ಕಣ್ಣು. ಗುದ್ದುವುದನ್ನು ಬಿಟ್ಟರೆ ಅದಕ್ಕೆ ಬೇರೆ ಹವ್ಯಾಸ ಇರಲಿಲ್ಲ. ರಾಮಥಾಳದ ಹೊಲದಲ್ಲಿ ಯಾರದೋ ನೀರಿನ ಪೈಪು ಗುದ್ದಿ ಒಡೆದಿತ್ತು. ಪೋಸ್ಟ್‌ಮ್ಯಾನನ ಸೈಕಲ್ಲನ್ನು ಎಂಟರ ಆಕಾರಕ್ಕೆ ತಂದಿತ್ತು. ಕಳೆದ ವಾರ ಅಮಾತೆಪ್ಪನ ಹೆಂಡತಿ ಬಾವಿಕಟ್ಟೆಯ ಮೇಲೆ ಬಗ್ಗಿ ಬಟ್ಟೆ ತೊಳೆಯುವಾಗ ಹಿಂದಿನಿಂದ ಬಂದು ಅವಳನ್ನೂ ಬಿಡಲಿಲ್ಲ. "ಈ ಮನ್ಯಾಗ ಒಂದೋ ಅದಿರಬೇಕು, ಇಲ್ಲಾ ನಾ ಇರಬೇಕು. ಯೋಚನಿ ಮಾಡಿ ಹೇಳ್ರಿ" ಎಂದಿದ್ದಳು ಆಕೆ. ಅಮಾತೆಪ್ಪ ಯೋಚನೆ ಮಾಡಲು ಎರಡು ದಿನ ತೆಗೆದುಕೊಂಡದ್ದೇ ತಪ್ಪಾಗಿ, ಈಗ ಅವನ ಊಟ ಚಹಾದಂಗಡಿಯಲ್ಲೇ ನಡೆದಿತ್ತು.

ಸಂಜೆಯೊಳಗೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಬರುವ ರವಿವಾರ ಬೀರಪ್ಪನ ಗುಡಿಯ ಮುಂದೆ, ವರ್ಷದ ಮೇಲೊಂದು ದಿನ ಜಗಳವಾಡದ ಗಂಡ ಹೆಂಡತಿಗೆ ಟಗರು ಬಹುಮಾನ. ಭಂಡಾರ ಮುಟ್ಟಿ ಆಣೆ ಮಾಡಬೇಕು. ನೆರೆಹೊರೆಯವರು ಸಾಕ್ಷಿ ಹೇಳಬೇಕು. ಹೆಸರು ಕೊಡೋಣವೇ ಬೇಡವೇ ಎಂಬ ವಿಷಯದಲ್ಲೇ ಜಗಳವಾಗಿ ಓಣಿಯ ಅರ್ಧ ದಂಪತಿಗಳು ಆ ರಾತ್ರಿಯೇ ಅನರ್ಹರಾದರು. ಉಳಿದರ್ಧ ಮಂದಿಗೆ ಭಂಡಾರದ ಹೆದರಿಕೆ. ಬೀರಪ್ಪನ ಅರಿಷಿಣ ಮುಟ್ಟಿ ಸುಳ್ಳು ಹೇಳುವ ಎದೆಗಾರಿಕೆ ಯಾರಿಗಿದೆ? ಕಣದಲ್ಲಿ ಉಳಿದದ್ದು ಒಂದೇ ಜೋಡಿ.

ಚಂದಪ್ಪ ಮನೆಗೆ ಬಂದು, ಹಿಟ್ಟು ನಾದುತ್ತಿದ್ದ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಇಂಗ್ಲೆಂಡು ಬಂತು, ಹಂದಿ ಬಂತು, ಪೈಲ್ವಾನ ಬಂತು. ಕ್ಲಾಸಿನ ನಗು ಮಾತ್ರ ಬರಲಿಲ್ಲ.

"ಮನಿಗೆ ನಾನೂ ಒಂದು ಏನರ ತಂದೇನಿ ಅನಸ್ಕೋಬೇಕು ರಂಗಿ" ಎಂದ, ಕೊನೆಗೆ. ಅಷ್ಟು ಹೇಳುವಾಗ ದನಿ ಸ್ವಲ್ಪ ಸಣ್ಣದಾಯಿತು.

ರಂಗವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಅವಳು ಒಲೆಯ ಬದಿಗೆ ಮಲಗಿದ್ದ ಸುಬ್ಬಿಯ ಕಡೆಗೆ ತಿರುಗಿದಳು.

"ಕೇಳಿದೇನ ಸುಬ್ಬಿ? ಭಂಡಾರ ಮುಟ್ಟಿ ಹೇಳಬೇಕಂತ. ಹೇಳೂಣಂತ. ಖರೆ ಏನೈತಿ ಅದನ್ನ ಹೇಳೂಣಂತ."

"ಒಪ್ಪಿದ್ಲು!" ಎಂದು ಚಂದಪ್ಪ ಜಿಗಿದೆದ್ದ. ಹಂಚಿನ ಮುಂದಿದ್ದ ಮಾಬುಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮತೊಡಗಿದಳು. ಹೊಗೆ ಎಂದಳು. ಒಲೆಯಲ್ಲಿ ಹೊಗೆ ಇರಲಿಲ್ಲ.

ಮರುದಿನ ಅಮಾತೆಪ್ಪ, ಗೌತಮ ಸರ್‌ರನ್ನು ಕರೆದುಕೊಂಡು ಸ್ಥಳ ಪರಿಶೀಲನೆಗೆ ಬಂದ. ಇಂಗ್ಲೆಂಡಿನ ಪದ್ಧತಿ ಬಲ್ಲವರು ಸರ್ ಒಬ್ಬರೇ ಆದ್ದರಿಂದ ಅವರನ್ನು ತಜ್ಞರನ್ನಾಗಿ ಮಾಡಲಾಗಿತ್ತು. ರಂಗವ್ವ ಸೆರಗು ಹೊದ್ದು ಬಾಗಿಲಿಗೆ ಬಂದಳು.

"ವಿದ್ಯಾ, ನಿಮ್ಮಪ್ಪಗ ಚಾಪಿ ಹಾಸು ಅನ್ನು."

ಪಕ್ಕದಲ್ಲೇ ನಿಂತಿದ್ದ ಚಂದಪ್ಪ ಚಾಪೆ ಹಾಸಿದ.

"ವಿದ್ಯಾ, ಚಾದ ಕಪ್ಪು ಮ್ಯಾಲಿನ ಗೂಡಿನ್ಯಾಗ ಅದಾವು, ಇಳಸಾಕ ಹೇಳು."

ಚಂದಪ್ಪ ಕಪ್ಪು ಇಳಿಸಿದ.

ಅಮಾತೆಪ್ಪನ ಕಣ್ಣು ಒದ್ದೆಯಾಯಿತು. "ನೋಡ್ರಿ ಸರ್, ಏನ್ ಮರ್ಯಾದಿ! ಏನ್ ನಡಿ! ಗಂಡಗ ಎದರ ಮಾತು ಆಡೂದs ಇಲ್ಲ. ನನ್ನಾಕಿ ಹೆಸರು ಹಿಡದು ಕರೀತಾಳ್ರಿ, ಅದೂ ಬಾವಿಯೊಳಗಿಂದ ಕರದಂಗ."

ಗೌತಮ ಸರ್‌ಗೆ ಏನೋ ತುಸು ವಿಚಿತ್ರ ಎನಿಸಿತು. ಆದರೆ ಅವರಿಗೆ ಇನ್ನೂ ಮದುವೆಯಾಗಿರಲಿಲ್ಲ. ಇದೇ ಇರಬೇಕು ಸಂಸಾರವೆಂದರೆ ಎಂದು ಚಹಾ ಕುಡಿದು ಹೋದರು.

ರವಿವಾರ ಗುಡಿಯ ಮುಂದೆ ಜನವೋ ಜನ. ಗೂಡೂರಿನಿಂದ ಚಂದಪ್ಪನ ಅಕ್ಕ ಗುರುಲಿಂಗವ್ವ ನಸುಕಿನಲ್ಲೇ ಬಂದಿಳಿದಿದ್ದಳು. ತಮ್ಮನ ಶಾಂತ ಸ್ವಭಾವ ತಾನು ಚಿಕ್ಕಂದಿನಲ್ಲಿ ಕೊಟ್ಟ ಏಟಿನ ಫಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಪೈಲ್ವಾನನಿಗೆ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಬೇವಿನ ಮರಕ್ಕೆ ಕಟ್ಟಿಹಾಕಿದ್ದರು. ಅದು ಒಬ್ಬೊಬ್ಬರನ್ನೂ ಅಳೆಯುವಂತೆ ನೋಡುತ್ತಿತ್ತು. ನಡುವೆ ಕಂಬಳಿಯ ಮೇಲೆ ದೊಡ್ಡ ಹರಿವಾಣದ ತುಂಬ ಭಂಡಾರ.

ಮೊದಲ ಸಾಕ್ಷಿ ಇಬ್ರಾಹಿಂಸಾಬ. ಮಾಬುಬಿಯ ಗಂಡ, ಗಾದಿ ಹೊಲಿಯುವವನು. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ.

"ಅಧ್ಯಕ್ಷರ, ಆ ಗ್ವಾಡಿ ಹೆಂಗೈತಿ ಅಂದ್ರ, ನಾ ಸೀನಿದ್ರ ಚಂದಪ್ಪಣ್ಣ ಆ ಕಡಿಂದ ಸಾವಕಾಶರೀ ಅಂತಾನ. ಅಂಥಾದ್ರಾಗ ಒಂದು ವರ್ಷದಿಂದ ಜಗಳದ ಸಪ್ಪಳ ಕೇಳಿಲ್ಲ. ಅಲ್ಲಾನ ಆಣಿ."

"ಭೇಷ್!" ಎಂದ ಅಮಾತೆಪ್ಪ.

"ಏನ್ ಭೇಷ್ ರೀ? ಮೊದಲೆಲ್ಲಾ ಇವರ ಜಗಳ ಕೇಳಿ ಬೆಳಿಗ್ಗೆ ಏಳತಿದ್ದೆ. ಈಗ ಗಡಿಯಾರ ಕೊಂಡೇನಿ."

ಎರಡನೆಯ ಸಾಕ್ಷಿ ಮಾಬುಬಿ. "ಜಗಳಾ? ಇಲ್ರಿ. ಒಂದು ಮಾತಿಲ್ಲ" ಎಂದು, ಇನ್ನೂ ಏನೋ ಹೇಳಹೋಗಿ, ರಂಗವ್ವನ ಮುಖ ನೋಡಿ ಕೂತುಬಿಟ್ಟಳು.

ಮೂರನೆಯ ಸಾಕ್ಷಿಯನ್ನು ಯಾರೂ ಕರೆದಿರಲಿಲ್ಲ. ಗುರುಲಿಂಗವ್ವ ತಾನಾಗಿಯೇ ಎದ್ದಳು.

"ನಾ ಹೇಳ್ತೇನಿ ಕೇಳ್ರಿ. ನಮ್ಮ ರಂಗಿಯಂಥಾ ಹೆಣ್ಣು ಹುಡುಕಿದ್ರೂ ಸಿಗಂಗಿಲ್ಲ. ಹ್ವಾದ ವರ್ಷ ನಮ್ಮ ಹೊಸಾ ಮನಿ ವಾಸ್ತು ಇತ್ತು. ಬುಟ್ಟಿಗಟ್ಟಲೆ ರೊಟ್ಟಿ ಬಡಕೊಂಡು, ಬಸ್ಸಿನ್ಯಾಗ ಹೇರ್ಕೊಂಡು ಬಂದಿದ್ಲು. ಪಂಕ್ತಿಯೊಳಗ ನಮ್ಮ ಬೀಗರು ರೊಟ್ಟಿ ಮುರಕೊಂತ ನನ್ನ ತಮ್ಮಗ ಕೇಳಿದ್ರು, ನಿಮ್ಮ ಮನಿಯವರು ಏನ್ ಕೆಲಸ ಮಾಡ್ತಾರಂತ. ಇಂವ ಏನಂದ ಗೊತ್ತೈತಿ? 'ಏನೂ ಮಾಡಂಗಿಲ್ರಿ, ಮನ್ಯಾಗ ಆರಾಮ ಕುಂತಿರ್ತಾಳ. ಎಲ್ಲಾ ನಾನs ನೋಡ್ಕೊಂತೇನಿ' ಅಂದ! ಆಕಿ ಅಲ್ಲೇ ರೊಟ್ಟಿ ನೀಡಾಕತ್ತಿದ್ಲು. ಬ್ಯಾರೆ ಹೆಣ್ಣಾಗಿದ್ರ ಬುಟ್ಟಿ ತಲಿ ಮ್ಯಾಲೆ ಹಾಕತಿತ್ತು. ನಮ್ಮ ರಂಗಿ ಒಂದು ಮಾತು ಆಡ್ಲಿಲ್ಲ ನೋಡ್ರಿ. ಒಂದು ಮಾತು!"

ಗುರುಲಿಂಗವ್ವ ಹೆಮ್ಮೆಯಿಂದ ಕೂತಳು. ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಚಂದಪ್ಪನಿಗೆ ಮಾತ್ರ ಈ ಸಾಕ್ಷಿ ತನ್ನ ಪರವಾಗಿದೆಯೋ ಇಲ್ಲವೋ ತಿಳಿಯದೆ, ಮೊದಲು ಮುಗುಳ್ನಕ್ಕು, ನಂತರ ಅರ್ಧಕ್ಕೇ ನಿಲ್ಲಿಸಿದ.

"ಬಾ ರಂಗವ್ವ" ಎಂದು ಅಮಾತೆಪ್ಪ ಕರೆದ. "ಭಂಡಾರ ಮುಟ್ಟಿ ಹೇಳು, ಜಗಳ ಆಡಿಲ್ಲಂತ. ಟಗರು ಹೊಡಕೊಂಡು ಹೋಗು." ಅವನಿಗೆ ಅವಸರ. ಪೈಲ್ವಾನ ಹಗ್ಗ ಜಗ್ಗುತ್ತಿತ್ತು.

ರಂಗವ್ವ ಮುಂದೆ ಬಂದು ಕೈಯನ್ನು ಭಂಡಾರದಲ್ಲಿ ಇಟ್ಟಳು. ಬೀರಪ್ಪನ ಕಡೆ ಮುಖ ಮಾಡಿದಳು.

"ಆ ವಾಸ್ತುದ ದಿನದಿಂದ ನಾ ಇವರ ಕೂಡ ಜಗಳ ಆಡಿಲ್ಲ. ಖರೆ ಐತಿ."

"ಆತಲ್ಲ!" ಎಂದು ಅಮಾತೆಪ್ಪ ಹಗ್ಗ ಬಿಚ್ಚಲು ಓಡಿದ.

"ಯಾಕಂದ್ರ, ಆವತ್ತಿಂದ ನಾ ಇವರ ಕೂಡ ಮಾತು ಬಿಟ್ಟೇನಿ."

ಚಂದಪ್ಪ ಜೋರಾಗಿ ನಕ್ಕ.

"ಚಾಷ್ಟಿ ಮಾಡಾಕತ್ತಾಳ್ರಿ! ರಂಗಿ, ದಿನಾ ಮಾತಾಡ್ತೀಯಲ್ಲ? ಮೊನ್ನೆ ಹಾಲು ಮುಗದೈತಿ ಅಂತ ನೀನs ಹೇಳಿದಿ, ನಾ ಹೋಗಿ ತಂದೆ!"

ರಂಗವ್ವ ಮಾಬುಬಿಯ ಕಡೆ ತಿರುಗಿದಳು. "ಬೆಕ್ಕಿಗೆ ಹೇಳಿದ್ದೆ ಅಂತ ಹೇಳವಾ."

"ಬೆಕ್ಕಿಗೆ ಹೇಳಿದ್ಲಂತ" ಎಂದಳು ಮಾಬುಬಿ.

"ಮತ್ತ ಜ್ವಾಳ ಗಿರಣಿಗೆ..."

"ಅದೂ ಬೆಕ್ಕಿಗೆ."

"ನಿನ್ನೆ ಅಂಗಿ ಒಗಿಯಾಕ ಹಾಕಬೇಕಂತ ಅಂದಿ! ಬೆಕ್ಕಿಗೆಲ್ಲಿ ಅಂಗಿ?"

"ಗ್ವಾಡಿಗೆ ಹೇಳಿದ್ದೆ ಅನ್ನವಾ."

"ಆ ಗ್ವಾಡಿ ಈಚೆ ಕಡೆ ನಾ ಇದ್ದೆ ಚಂದಪ್ಪಣ್ಣ" ಎಂದ ಇಬ್ರಾಹಿಂಸಾಬ. "ನನಗ ಹೇಳಿದ್ಲು ಅಂತ ತಿಳದು ನನ್ನ ಅಂಗೀನೂ ಹಾಕಿದೆ."

ಚಂದಪ್ಪ ಮಗಳ ಕಡೆ ನೋಡಿದ. ವಿದ್ಯಾ ನೆಲ ನೋಡುತ್ತ, "ಹೌದಪಾ" ಎಂದಳು. ಅವನು ಸುತ್ತಲೂ ನೋಡಿದ. ಓಣಿಗೆಲ್ಲ ಗೊತ್ತಿತ್ತು. ಗಿರಣಿಯವನಿಗೆ ಗೊತ್ತಿತ್ತು, ಬಸ್ಸಿನ ಕಂಡಕ್ಟರನಿಗೆ ಗೊತ್ತಿತ್ತು. ಬೆಕ್ಕಿಗಂತೂ ಮೊದಲೇ ಗೊತ್ತಿತ್ತು. ಅವನೊಬ್ಬನ ಹೊರತು.

ಜನ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಮಾತೆಪ್ಪನಿಗೆ ನಗು ಬರಲಿಲ್ಲ. ಟಗರು ಮತ್ತೆ ತನ್ನ ಮನೆಗೇ ಬರುವ ಲಕ್ಷಣ ಅವನಿಗೆ ಕಂಡಿತ್ತು.

"ಸುಮ್ಮಿರ್ರಿ! ಮಾತು ಆಡದಿದ್ರೇನಾತು? ಜಗಳ ಇಲ್ಲಲ್ಲ? ನೇಮ ಮುಗೀತು! ಹೌದಲ್ರಿ ಸರ್?"

ಗೌತಮ ಸರ್ ಗಂಟಲು ಸರಿಮಾಡಿಕೊಂಡರು. "ಇನ್ನೊಂದು ಐತ್ರಿ. ಮದುವಿ ಆಗಿದ್ದಕ್ಕ ಮರಗಿಲ್ಲ ಅಂತನೂ ಆಣಿ ಮಾಡಬೇಕು."

"ಅದನ್ನ ಯಾಕ ಈಗ ತಗದ್ರಿ?" ಎಂದು ಅಮಾತೆಪ್ಪ ಹಲ್ಲು ಕಡಿದ.

ರಂಗವ್ವ ಭಂಡಾರದಿಂದ ಕೈ ತೆಗೆದಳು. "ಅದನ್ನ ಹೇಳಾಕ ಆಗಂಗಿಲ್ರಿ. ಆವತ್ತು ಆ ಪಂಕ್ತ್ಯಾಗ ಒಂದು ಗಳಿಗಿ ಮರಗೇನಿ. ದೇವರ ಮುಂದ ಸುಳ್ಳು ಯಾಕ?" ಎಂದು ಹಳದಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಂಗಸರ ಸಾಲಿಗೆ ಹೋಗಿ ನಿಂತಳು.

ಚಂದಪ್ಪ ಒಬ್ಬನೇ ಉಳಿದ. ಟಗರು ಹೋಯಿತು, ಹೋಗಲಿ. ಕ್ಲಾಸು ನಾಳೆ ಮತ್ತೆ ನಗುತ್ತದೆ, ನಗಲಿ. ಒಂದು ವರ್ಷ! ಒಂದು ಸಂಕ್ರಾಂತಿ, ಒಂದು ಯುಗಾದಿ, ಒಂದು ಪಂಚಮಿ, ಎಲ್ಲವೂ ಬೆಕ್ಕಿನ ಪಾಲಿಗೆ ಹೋಗಿದ್ದವು! ಪಂಚಮಿಗೆ ಅವಳು ಉಂಡಿ ಕೊಡುತ್ತ "ತಿನ್ನು, ಚಲೋ ಆಗ್ಯಾವಿಲ್ಲ ಹೇಳು" ಎಂದದ್ದು ನೆನಪಾಯಿತು. ಅವನು ಚಲೋ ಆಗ್ಯಾವ ಎಂದಿದ್ದ. ಅದಕ್ಕೂ ಮೊದಲು ಸುಬ್ಬಿ ಮಿಯಾವ್ ಎಂದಿತ್ತು. ಈಗ ತಿಳಿಯಿತು.

ಅವನು ಯಾರೂ ಕರೆಯದೆ ಹೋಗಿ ಭಂಡಾರದಲ್ಲಿ ಎರಡೂ ಕೈ ಇಟ್ಟ. ಮೊಣಕೈವರೆಗೆ ಇಟ್ಟ.

"ಆವತ್ತು ನಾ ಬಾಯಿತಪ್ಪಿ..." ಎಂದು ಶುರುಮಾಡಿ ಬೀರಪ್ಪನನ್ನು ನೋಡಿದ. ನಿಲ್ಲಿಸಿದ. "ಬಾಯಿ ತಪ್ಪಿ ಅಲ್ಲ. ಬೇಕಂತನs ಅಂದೆ. ಅಂಗಡಿ ಮುಚ್ಚಿತ್ತು, ಬೀಗರ ಮುಂದ ನಾಚಿಕಿ ಆತು. ಆ ಬೀಗರು ತಿಂದಿದ್ದು ಈಕಿ ಬಡದ ರೊಟ್ಟಿ. ನಾ ಉಟ್ಟಿದ್ದು ಈಕಿ ಕೊಡಿಸಿದ ಧೋತರ. ನಾ ಕ್ಲಾಸ್ ನಡಸಂಗಿಲ್ಲ, ಹಿಂದ ಕುಂದರ್ತೇನಿ. ಎಲ್ಲಾ ನಾನs ನೋಡ್ಕೊಂತೇನಿ ಅಂದಿದ್ನಲ್ಲ, ಅದೊಂದು ಖರೆ. ಈಕಿ ಮಾಡ್ತಾಳ, ನಾ ನೋಡ್ಕೊಂತ ಕುಂತಿರ್ತೇನಿ."

ಈ ಸಲ ಯಾರೂ ನಗಲಿಲ್ಲ. ಅಮಾತೆಪ್ಪ ಕೂಡ ಕೇಳುತ್ತ ನಿಂತ. ಕೇಳುತ್ತ ನಿಂತದ್ದರಿಂದ, ಅವನು ಅರ್ಧ ಬಿಚ್ಚಿದ್ದ ಹಗ್ಗ ಉಳಿದರ್ಧವನ್ನು ತಾನೇ ಬಿಚ್ಚಿಕೊಂಡಿತು.

ಪೈಲ್ವಾನ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಅದರ ಎದುರಿಗೆ, ಹರಿವಾಣದ ಮೇಲೆ ಬಗ್ಗಿ ನಿಂತ ಚಂದಪ್ಪನ ಹಿಂಭಾಗವಿತ್ತು. ಇಂಥ ಅವಕಾಶ ಟಗರಿನ ಬದುಕಿನಲ್ಲೂ ಪದೇಪದೇ ಬರುವುದಿಲ್ಲ. ಗೆಜ್ಜೆ ಘಲ್ಲೆಂದಿತು.

"ಏ! ಸರೀರಿ ಆ ಕಡೆ!" ಎಂದು ಒಂದು ದನಿ ಗುಡಿಯ ಗಂಟೆಯನ್ನೂ ಮೀರಿಸಿ ಎದ್ದಿತು. "ಕಣ್ಣು ಕಾಣಂಗಿಲ್ಲೇನ್ ನಿಮಗ? ನಿಮಗs ಹೇಳಾಕತ್ತೇನಿ, ಸರೀರಿ!"

ಅದು ರಂಗವ್ವನ ದನಿ. ಚಂದಪ್ಪ ಸರಿಯಬೇಕಿತ್ತು, ಸರಿಯಲು ಹೊತ್ತೂ ಇತ್ತು. ಆದರೆ ಅವನು ನೆಟ್ಟಗೆ ನಿಂತು, ಹಳದಿ ಕೈಗಳೆರಡನ್ನೂ ಮೇಲೆತ್ತಿ, ಮುಖವರಳಿಸಿ, "ಮಾತಾಡಿದ್ಲು!" ಎಂದು ಕೂಗಿದ. "ನನಗs ಅಂದ್ಲು! ಕೇಳಿದ್ರೇನ್..."

ಮುಂದಿನ ಮಾತನ್ನು ಅವನು ಗಾಳಿಯಲ್ಲಿ ಹೇಳಿದ. ಇಳಿದದ್ದು ಹರಿವಾಣದೊಳಗೆ. ಭಂಡಾರದ ಮೋಡ ಎದ್ದು ಗೌತಮ ಸರ್, ಗುರುಲಿಂಗವ್ವ, ಮುಂದಿನ ಸಾಲಿನ ಸಾಕ್ಷಿದಾರರೆಲ್ಲ ಹಳದಿಯಾದರು. ಮೋಡ ಇಳಿಯುವ ಮುಂಚೆಯೇ ರಂಗವ್ವ ಬಂದಾಗಿತ್ತು.

"ಹೇಳಿದ್ರ ಕೇಳೂದು ಬ್ಯಾಡೇನು? ಟಗರು ಬರೋದು ಕಾಣಂಗಿಲ್ಲ, ಹೆಂಡತಿ ಮಾತು ಬಿಟ್ಟಿದ್ದೂ ಕಾಣಂಗಿಲ್ಲ, ಕಣ್ಣು ಅದಾವೋ ಗೋಲಿ ಗುಂಡೋ? ಸ್ವಂಟ ಮುರದ್ರ ಯಾರು ನೋಡ್ಬೇಕು? ಏಳ್ರಿ! ಅಲ್ಲ, ಏಳಬ್ಯಾಡ್ರಿ, ಹಂಗs ಇರ್ರಿ!"

ಚಂದಪ್ಪ ಏಳಲೂ ಇಲ್ಲ, ಮಲಗಲೂ ಇಲ್ಲ. ಭಂಡಾರದಲ್ಲಿ ಹೊರಳಿದ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. "ಇನ್ನೊಂದು ಸಲ ಬೈ" ಎಂದ.

ಅಷ್ಟರಲ್ಲಿ ಪೈಲ್ವಾನ ಎರಡನೆಯ ಸುತ್ತಿಗೆ ಹಿಂದೆ ಸರಿಯುತ್ತಿತ್ತು. ಊರು ಗುಡಿಯ ಕಟ್ಟೆ ಹತ್ತಿತು. ರಂಗವ್ವ ತಿರುಗಿ, ಬುತ್ತಿಗೆಂದು ಮಡಿಲಿನಲ್ಲಿ ಕಟ್ಟಿ ತಂದಿದ್ದ ಖಡಕ್ ರೊಟ್ಟಿಯೊಂದನ್ನು ಪಟ್ಟನೆ ಮುರಿದಳು. ಆ ಸದ್ದಿಗೆ ಟಗರು ಕಿವಿ ನಿಮಿರಿಸಿತು. ಮೂಸಿತು. ತಿಂದಿತು. ಇನ್ನೊಂದು ತುಂಡಿಗೆ ಕತ್ತು ಚಾಚಿತು. ಬದುಕಿನಲ್ಲಿ ಗುದ್ದುವುದಕ್ಕಿಂತ ಒಳ್ಳೆಯದೂ ಇದೆ ಎಂದು ಅದಕ್ಕೆ ಆವತ್ತೇ ತಿಳಿದಂತಿತ್ತು.

"ಬಹುಮಾನ ಇವರಿಗೇ!" ಎಂದು ಅಮಾತೆಪ್ಪ ಕಟ್ಟೆಯ ಮೇಲಿಂದ ಕೂಗಿದ.

"ಹೆಂಗ್ರಿ? ಆಕಿ ಮರಗೇನಿ ಅಂದ್ಲು, ಈಗ ಎಲ್ಲರ ಮುಂದ ಜಗಳಾನೂ ಆಡಿದ್ಲು" ಎಂದರು ಗೌತಮ ಸರ್, ಮೂಗಿನಿಂದ ಅರಿಷಿಣ ಒರೆಸಿಕೊಳ್ಳುತ್ತ.

"ಸರ್, ನಿಮಗ ಮದುವಿ ಆಗಿಲ್ಲ, ಸುಮ್ಮ ಇರ್ರಿ. ಅದು ಜಗಳ ಅಲ್ಲ, ಬುದ್ಧಿವಾದ!" ಎಂದವನೇ, ಯಾರೂ ಅಡ್ಡ ಮಾತಾಡುವ ಮುಂಚೆ ಅಮಾತೆಪ್ಪ ತನ್ನ ಮನೆಯ ಊಟದ ಕಡೆಗೆ ಓಡಿದ.

ಹೀಗೆ ಹುನಗುಂದದ ಓಣಿಯಲ್ಲಿ ಮೆರವಣಿಗೆ ಹೊರಟಿತು. ಮುಂದೆ ರೊಟ್ಟಿ ಹಿಡಿದ ರಂಗವ್ವ, ಅವಳ ಹಿಂದೆ ಕುರಿಮರಿಯಂತೆ ಪೈಲ್ವಾನ, ಅದರ ಹಿಂದೆ ಸಾಕಷ್ಟು ಅಂತರ ಕಾಯ್ದುಕೊಂಡು, ಇಬ್ರಾಹಿಂಸಾಬನ ಹೆಗಲಿಗೆ ಜೋತುಬಿದ್ದ ಚಂದಪ್ಪ. ಟಗರನ್ನು ಮನೆಗೆ ತಂದವರು ಯಾರು ಎಂದು ನೋಡಿದವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಮುಂದಿನ ವಾರ ಚಂದಪ್ಪ ಕ್ಲಾಸಿಗೆ ಹೋದದ್ದು ಒಂದು ಸಣ್ಣ ಗಾದಿಯ ಸಮೇತ. ಇಬ್ರಾಹಿಂಸಾಬ ಅವನ ಅಳತೆಗೆ, ನಡುವೆ ತುಸು ತಗ್ಗು ಬಿಟ್ಟು ಹೊಲಿದುಕೊಟ್ಟಿದ್ದ. ಅದರ ಮೇಲೆ ಎಚ್ಚರದಿಂದ ಕೂತವನನ್ನು ಗೌತಮ ಸರ್ ಏನೂ ಕೇಳದಿದ್ದರೂ ಅವನೇ ಎದ್ದು, "ಮೈ ವೈಫ್, ಸರ್!" ಎಂದು ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಹೇಳಿದ. ಆಮೇಲೆ, ಕೂಡಲಸಂಗಮದ ಬಸ್ಸಿಗೆ ರೊಟ್ಟಿ ಕಟ್ಟು ಹಾಕುವುದಿದೆ ಎಂದು ಅರ್ಧ ಕ್ಲಾಸಿಗೇ ಗಾದಿ ಸುತ್ತಿಕೊಂಡು ಹೊರಟ.

ಮನೆಯಲ್ಲಿ ರಂಗವ್ವ ಒಂದು ವರ್ಷದ ಮಾತನ್ನು ಮೊದಲಿನಿಂದ ಶುರುಮಾಡಿದ್ದಳು. ವಾಸ್ತುವಿನ ದಿನವೇ ಇನ್ನೂ ಮುಗಿದಿರಲಿಲ್ಲ. ಸುಬ್ಬಿಯನ್ನು ಈಗ ಯಾರೂ ಮಾತಾಡಿಸುವುದಿಲ್ಲ. ಅದು ಸಿಟ್ಟು ಮಾಡಿಕೊಂಡು ಪಕ್ಕದ ಮನೆಯ ಹತ್ತಿಯ ರಾಶಿಗೆ ಹೋಗಿ ಮಲಗಿದೆ. ಒಂದು ನಸುಕಿನಲ್ಲಿ ಇಬ್ರಾಹಿಂಸಾಬ ಹಾಸಿಗೆಯಲ್ಲೇ ಎದ್ದು ಕೂತು ಗೋಡೆ ಬಡಿದ.

"ಚಂದಪ್ಪಣ್ಣಾ, ಸ್ವಲ್ಪ ಸಣ್ಣಗ! ಗಡಿಯಾರ ಕೊಂಡಿದ್ದು ದಂಡ ಆತಲ್ಲೋ!"

ಆ ಕಡೆಯಿಂದ, ರೊಟ್ಟಿ ಬಡಿಯುವ ಸದ್ದು, ಬೈಗುಳ ಎರಡನ್ನೂ ಸೀಳಿಕೊಂಡು ಚಂದಪ್ಪನ ದನಿ ಬಂತು:

"ನನಗ ಬೈಯಾಕತ್ತಾಳ ಇಬ್ರಾಹಿಂಸಾಬ್ರ! ಖುದ್ದು ನನಗ! ಬೆಕ್ಕಿಗಲ್ಲ!"